ಹನ್ನೆರಡು ಲಕ್ಷದ ರಿಬೇಟು, ಒಂದು ಲಕ್ಷ ಇಪ್ಪತ್ತು ಸಾವಿರದ ಕಾರ್ಡು

2025ರ ದೀಪಾವಳಿ ಮುಗಿದ ವಾರ, ಬಾಗಲಕೋಟೆಯ ನವನಗರದಲ್ಲಿ ನಮ್ಮ ಹಿಂದಿನ ಸಾಲಿನ ಮನೆಯ ಹುಡುಗಿಯೊಬ್ಬಳು ತನ್ನ ಬ್ಯಾಂಕಿನ ಪಾಸ್‌ಬುಕ್ ಹಿಡಿದುಕೊಂಡು ಬಂದಳು. ಆಕೆ ಊರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತದ ಮಾದರಿ ತೆಗೆಯುವ ಕೆಲಸ ಮಾಡುತ್ತಾಳೆ. ತಂದೆ ಗೌಂಡಿ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. "ಕಾಕಾ, ನನ್ನ ಪಗಾರ ಹದಿನಾಕ ಸಾವಿರ ಅಂತ ಹೇಳ್ಯಾರ. ಖಾತೆಗೆ ಬರೂದು ಹನ್ನೆರಡ ಸಾವಿರದ ಆರನೂರ. ಉಳಿದದ್ದು ಎಲ್ಲಿ ಹೋಗತೈತ್ರಿ?" ಎಂದು ಕೇಳಿದಳು. ಪತ್ತಿನ ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನನಗೆ ಈ ಓಣಿಯಲ್ಲಿ ಇಂತಹ ಪ್ರಶ್ನೆಗಳು ಹೊಸವಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಕೆಲವು ದಿನ ಹಿಡಿದುಕೊಂಡಿತು; ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಪ್ಯಾನ್ ಹಾಕಿ 26ಎಎಸ್, ಅಂದರೆ ಯಾರು ಎಷ್ಟು ತೆರಿಗೆ ಕಡಿದು ಕಟ್ಟಿದ್ದಾರೆಂದು ತೋರಿಸುವ ತೆರಿಗೆ ಇಲಾಖೆಯ ಪಟ್ಟಿ, ತೆರೆದು ನೋಡಿದಾಗ ವಿಷಯ ತಿಳಿಯಿತು. 2024-25ರ ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಪಾವತಿ 14,000, ಕಡಿತ 1,400, 1961ರ ಆದಾಯ ತೆರಿಗೆ ಕಾನೂನಿನ ಕಲಂ 194ಜೆ. ಅಂದರೆ ಆ ಲ್ಯಾಬಿನ ಲೆಕ್ಕದಲ್ಲಿ ಈಕೆ ನೌಕರಳೇ ಅಲ್ಲ. ವಕೀಲರು ಅಥವಾ ಲೆಕ್ಕಪರಿಶೋಧಕರು ಶುಲ್ಕ ಪಡೆಯುವಂತೆ "ವೃತ್ತಿಪರ ಶುಲ್ಕ" ಪಡೆಯುವ ಸ್ವತಂತ್ರ ವ್ಯಕ್ತಿ. ಬೆಳಿಗ್ಗೆ ಏಳಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆ ಬರುವ, ರಜೆ ಬೇಕಾದರೆ ಹಿಂದಿನ ದಿನ ಕೇಳಬೇಕಾದ, ಅವರೇ ಕೊಟ್ಟ ಬಿಳಿ ಕೋಟು ಹಾಕಿಕೊಳ್ಳುವ ಹುಡುಗಿ ಕಾಗದದ ಮೇಲೆ ಸಲಹೆಗಾರ್ತಿ! ಹೀಗೆ ಬರೆಯುವುದರ ಹಿಂದಿನ ಲೆಕ್ಕ ಸರಳವಾಗಿದೆ. ಸಂಬಳವೆಂದು ಬರೆದರೆ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವರಿಗೆ ಇಎಸ್‌ಐ (ನೌಕರರ ವಿಮೆ) ಕಟ್ಟಬೇಕು. ಇಪ್ಪತ್ತು ಜನರಿದ್ದರೆ ಪಿಎಫ್ ಕೂಡ ಬರುತ್ತದೆ. ಶುಲ್ಕವೆಂದು ಬರೆದರೆ ಎರಡೂ ಇಲ್ಲ. ಶೇಕಡಾ 10 ಕಡಿದು ಸರ್ಕಾರಕ್ಕೆ ಕಟ್ಟಿದರೆ ಮಾಲೀಕರ ಜವಾಬ್ದಾರಿ ಮುಗಿಯಿತು.

ವರ್ಷಕ್ಕೆ 16,800 ರೂಪಾಯಿ. ಆಕೆಯ ಒಟ್ಟು ಆದಾಯ 1,68,000. ಆ ವರ್ಷ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಮೂರು ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. ಆದ್ದರಿಂದ ಆಕೆ ಒಂದು ರೂಪಾಯಿಯನ್ನೂ ಕಟ್ಟಬೇಕಿರಲಿಲ್ಲ. ಕಡಿದ ಹಣವೆಲ್ಲ ಆಕೆಯದೇ. ಆದರೆ ಅದು ತಾನಾಗಿ ಮರಳುವುದಿಲ್ಲ. ರಿಟರ್ನ್ ಸಲ್ಲಿಸಿ ಕೇಳಿದವರಿಗೆ ಮಾತ್ರ ಬರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. 2025ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ "ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ ಘೋಷಣೆ ಬಂದ ಮೇಲೆ, ಪತ್ರಿಕೆಗಳಲ್ಲಿ "60,000 ರೂಪಾಯಿ ರಿಬೇಟ್" ಎಂಬ ಮಾತು ದಪ್ಪಕ್ಷರದಲ್ಲಿ ಕಾಣಿಸಿಕೊಂಡಿತು. ಅದನ್ನು ಓದಿದ ಎಪಿಎಂಸಿಯ ಹಮಾಲರೊಬ್ಬರು ನನ್ನನ್ನು ತಡೆದು, "ಸಾಹೇಬ್ರ, ಆ ಅರವತ್ತ ಸಾವಿರ ನಮ್ಮ ಖಾತೆಗೆ ಯಾವಾಗ ಬೀಳತೈತ್ರಿ?" ಎಂದು ಕೇಳಿದ್ದರು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅವರ ಪ್ರಶ್ನೆ ಅರ್ಥವಿಲ್ಲದ್ದಾಗಿರಲಿಲ್ಲ. ಜಗತ್ತಿನ ಕೆಲವು ದೇಶಗಳಲ್ಲಿ ಅವರಂತಹ ದುಡಿಯುವ ಬಡವರಿಗೆ ತೆರಿಗೆ ಇಲಾಖೆಯೇ ಹಣ ಹಾಕುತ್ತದೆ.

ಅಮೆರಿಕದಲ್ಲಿ 1975ರಿಂದ ಇಂತಹ ವ್ಯವಸ್ಥೆಯೊಂದಿದೆ. ದುಡಿದು ಗಳಿಸಿದ ಆದಾಯ ಕಡಿಮೆ ಇದ್ದವರಿಗೆ, ಅವರು ಕಟ್ಟಬೇಕಾದ ತೆರಿಗೆ ಸೊನ್ನೆಯಾದ ಮೇಲೂ ಉಳಿದ ಮೊತ್ತವನ್ನು ನಗದಾಗಿ ಕೊಡುತ್ತಾರೆ. ಗಳಿಕೆ ಏರಿದಂತೆ ಈ ಮೊತ್ತವೂ ಒಂದು ಹಂತದವರೆಗೆ ಏರುತ್ತದೆ, ಸ್ವಲ್ಪ ಕಾಲ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅನಂತರ ನಿಧಾನವಾಗಿ ಇಳಿದು ಸೊನ್ನೆಯಾಗುತ್ತದೆ. ದುಡಿಮೆಯಿಲ್ಲದವರಿಗೆ ಇದು ಸಿಗುವುದಿಲ್ಲ. ಬಡ್ಡಿ, ಡಿವಿಡೆಂಡ್ ಮುಂತಾದ ಹೂಡಿಕೆಯ ಆದಾಯ ಹೆಚ್ಚಿದ್ದವರಿಗೂ ಸಿಗುವುದಿಲ್ಲ. 2025ರ ತೆರಿಗೆ ವರ್ಷಕ್ಕೆ ಮೂರು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಕ್ಕೆ ಗರಿಷ್ಠ 8,046 ಡಾಲರ್, ಮಕ್ಕಳಿಲ್ಲದವರಿಗೆ ಗರಿಷ್ಠ 649 ಡಾಲರ್. ಬ್ರಿಟನ್ನಿನಲ್ಲಿಯೂ 2003ರಲ್ಲಿ ಇಂತಹದೇ ಒಂದನ್ನು ತಂದು, ವಾರಕ್ಕೆ ಇಷ್ಟು ಗಂಟೆ ದುಡಿದಿರಬೇಕೆಂಬ ಷರತ್ತು ಹಾಕಿದ್ದರು. 2025ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ ಬೇರೊಂದು ಒಟ್ಟು ಯೋಜನೆಯೊಳಗೆ ಸೇರಿಸಿದರು. ಅಮೆರಿಕದಲ್ಲಿಯೂ ಅರ್ಹರಾದ ಐವರಲ್ಲಿ ಒಬ್ಬರು ಈ ಹಣವನ್ನು ಕೇಳುವುದೇ ಇಲ್ಲವೆಂದು ಅಲ್ಲಿನ ತೆರಿಗೆ ಇಲಾಖೆಯೇ ಹೇಳುತ್ತದೆ. ಕೇಳಿದರೆ ಮಾತ್ರ ಕೊಡುವ ಹಣದ ಗತಿ ಎಲ್ಲ ಕಡೆಯೂ ಒಂದೇ ರೀತಿ ಇದ್ದಂತೆ ಕಾಣುತ್ತದೆ.

ನಮ್ಮ ರಿಬೇಟ್ ಆ ಜಾತಿಯದಲ್ಲ. ಅದನ್ನು ಕೊಡುವ, 1961ರ ಕಾನೂನಿನ 87ಎ ಕಲಂ 2013ರಲ್ಲಿ ಬಂದಾಗ ಐದು ಲಕ್ಷದವರೆಗಿನ ಆದಾಯಕ್ಕೆ 2,000 ರೂಪಾಯಿಯ ರಿಯಾಯಿತಿ ಇತ್ತು. 2016ರಲ್ಲಿ ಅದು 5,000 ಆಯಿತು. ಮರುವರ್ಷ ಮಿತಿಯನ್ನು ಮೂರೂವರೆ ಲಕ್ಷಕ್ಕೂ ರಿಯಾಯಿತಿಯನ್ನು 2,500ಕ್ಕೂ ಇಳಿಸಿದರು. 2019ರಲ್ಲಿ ಮತ್ತೆ ಐದು ಲಕ್ಷಕ್ಕೇರಿಸಿ 12,500 ಮಾಡಿದರು. 2023ರಲ್ಲಿ ಹೊಸ ಪದ್ಧತಿಯವರಿಗೆ ಏಳು ಲಕ್ಷ ಮತ್ತು 25,000. 2025-26ಕ್ಕೆ ಹನ್ನೆರಡು ಲಕ್ಷ ಮತ್ತು 60,000. ಈ ಅರವತ್ತು ಸಾವಿರ ಎಲ್ಲಿಂದ ಬಂತೆಂದರೆ, ನಾಲ್ಕರಿಂದ ಎಂಟು ಲಕ್ಷದವರೆಗೆ ಶೇಕಡಾ 5ರಂತೆ 20,000, ಎಂಟರಿಂದ ಹನ್ನೆರಡರವರೆಗೆ ಶೇಕಡಾ 10ರಂತೆ 40,000. ಅಷ್ಟು ತೆರಿಗೆ ಹುಟ್ಟಿದವರಿಗೆ ಅಷ್ಟನ್ನೂ ಮನ್ನಾ ಮಾಡುತ್ತಾರೆ. ಐದು ಲಕ್ಷ ಆದಾಯದವರಿಗೆ ಹುಟ್ಟುವ ತೆರಿಗೆ 5,000, ಆದ್ದರಿಂದ ಅವರ ರಿಬೇಟ್ 5,000. ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಗಳಿಸುವ ಹಮಾಲರಿಗೆ ತೆರಿಗೆಯೇ ಹುಟ್ಟುವುದಿಲ್ಲ; ಹುಟ್ಟದ ತೆರಿಗೆಗೆ ರಿಬೇಟ್ ಎಲ್ಲಿಂದ ಬರಬೇಕು? ಹೀಗಾಗಿ ಈ ರಿಯಾಯಿತಿಯ ಪೂರ್ಣ ಲಾಭ ಪಡೆಯುವವರು ಹನ್ನೆರಡು ಲಕ್ಷದ ಅಂಚಿನಲ್ಲಿರುವವರೇ ಹೊರತು, ತಳದಲ್ಲಿರುವವರಲ್ಲ. ಅದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಬಡವರಿಗೆ ಕೊಟ್ಟ ಹಣವೆಂದು ಅದನ್ನು ಕರೆಯಬಾರದು, ಅಷ್ಟೇ.

ಅರ್ಹತೆಯ ಮಾತನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಭಾರತದ ನಿವಾಸಿಯಾದ ವ್ಯಕ್ತಿಗೆ ಮಾತ್ರ ಇದು ಸಿಗುತ್ತದೆ. ಅವಿಭಕ್ತ ಕುಟುಂಬಕ್ಕೆ, ಪಾಲುದಾರಿಕೆ ಸಂಸ್ಥೆಗೆ, ಅನಿವಾಸಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷ, ಹಳೆಯ ಪದ್ಧತಿಯಲ್ಲಿ ಈಗಲೂ ಐದು ಲಕ್ಷ. ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತವೂ ಸೇರುವುದರಿಂದ ಹನ್ನೆರಡು ಮುಕ್ಕಾಲು ಲಕ್ಷದವರೆಗೆ ನಡೆಯುತ್ತದೆ. ಷೇರು ಮಾರಿದ ಲಾಭ, ಲಾಟರಿಯ ಗೆಲುವು ಮುಂತಾದ ವಿಶೇಷ ದರದ ಆದಾಯದ ಮೇಲಿನ ತೆರಿಗೆಗೆ 2025-26ರಿಂದ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಹಾಗಾದರೆ ತಳದಲ್ಲಿರುವವರಿಗೆ ತೆರಿಗೆ ಕಾನೂನಿನಿಂದ ಬರಬೇಕಾದದ್ದು ಏನು? ಅವರಿಂದಲೇ ತೆಗೆದುಕೊಂಡದ್ದು, ಅಂದರೆ ಟಿಡಿಎಸ್: ಹಣ ಕೊಡುವವರು ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಮೇಲೆ ಹೇಳಿದ ಹುಡುಗಿ ಒಬ್ಬಳೇ ಅಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮೂರು ವರ್ಷ ದುಡಿದು ಊರಿಗೆ ಮರಳುವ ಹುಡುಗರು ಪಿಎಫ್ ಹಣ ತೆಗೆಯುತ್ತಾರೆ. ಐದು ವರ್ಷದ ಸೇವೆ ತುಂಬಿರದಿದ್ದು, ಮೊತ್ತ 50,000 ಅಥವಾ ಹೆಚ್ಚಿದ್ದರೆ ಶೇಕಡಾ 10 ಕಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇಕಡಾ 20. ತೆರಿಗೆ ಬೀಳುವಷ್ಟು ಆದಾಯ ಇಲ್ಲವೆಂದು ಘೋಷಿಸುವ ನಮೂನೆ (2026ರ ಮಾರ್ಚ್‌ವರೆಗೆ 15ಜಿ) ಕೊಟ್ಟರೆ ಕಡಿತವೇ ಆಗುವುದಿಲ್ಲ, ಆದರೆ ಆ ಮಾತನ್ನು ಅವರಿಗೆ ಯಾರೂ ಮೊದಲು ಹೇಳಿರುವುದಿಲ್ಲ. 194ಜೆ ಮತ್ತು ಗುತ್ತಿಗೆಯ 194ಸಿ ಕಡಿತಗಳಿಗೆ ಈ 15ಜಿ ನಡೆಯುವುದೂ ಇಲ್ಲ. ಅಲ್ಲಿ ಕಡಿತ ಕಡಿಮೆ ಮಾಡಿಸಲು ತೆರಿಗೆ ಅಧಿಕಾರಿಯಿಂದ ಪ್ರಮಾಣಪತ್ರ ತರಬೇಕು. ತಿಂಗಳಿಗೆ ಹದಿನಾಲ್ಕು ಸಾವಿರದ ಕೆಲಸದವರು ಅದಕ್ಕೆ ಓಡಾಡುವುದುಂಟೇ?

ಕಬ್ಬಿನ ಸೀಮೆಯ ಲೆಕ್ಕ ಇನ್ನೂ ವಿಚಿತ್ರವಾಗಿದೆ. ಮುಧೋಳ, ಜಮಖಂಡಿಯ ಕಡೆ ಕಬ್ಬು ಕಡಿಯುವ ತಂಡಗಳನ್ನು ಕರೆತರುವ ಮುಖ್ಯಸ್ಥ, ಅಂದರೆ ಮುಕಾದಮನ ಹೆಸರಿಗೆ ಇಡೀ ತಂಡದ ಹಣ ಜಮಾ ಆಗುತ್ತದೆ. ಗುತ್ತಿಗೆಯ ಪಾವತಿಯೆಂದು ಅದರಲ್ಲಿ ಶೇಕಡಾ 1 ಕಡಿಯುತ್ತಾರೆ. ನಾನು ಕಂಡ ಒಂದು ಲೆಕ್ಕದಲ್ಲಿ ಒಂದು ಹಂಗಾಮಿಗೆ ಹದಿನೆಂಟು ಲಕ್ಷ ಬಂದಿತ್ತು, 18,000 ಕಡಿತವಾಗಿತ್ತು. ಆ ಮುಕಾದಮ ತನ್ನ ಲೆಕ್ಕದ ಪುಸ್ತಕದಲ್ಲಿ "ಟಿಡಿಎಸ್ ಹೋಯ್ತು" ಎಂದು ಬರೆದು, ಹತ್ತು ಜೋಡಿಗಳ ಪಾಲಿನಿಂದ ಆ ಹದಿನೆಂಟು ಸಾವಿರವನ್ನು ಸಮನಾಗಿ ಕಳೆದಿದ್ದ. ಒಂದು ಜೋಡಿಗೆ 1,800. ಬಂದ ಹದಿನೆಂಟು ಲಕ್ಷವೆಲ್ಲ ಅವನ ಆದಾಯವೆಂದು ಯಾರೂ ಹೇಳಲಾರರು. ಖಾತೆಗೇ ಬಂದ ಮೊತ್ತದ ಶೇಕಡಾ 6ನ್ನು ಲಾಭವೆಂದು ತೋರಿಸುವ ಸರಳ ವಿಧಾನದಲ್ಲಿ ಅವನ ಆದಾಯ 1,08,000 ಮಾತ್ರ. ಹದಿನೆಂಟು ಸಾವಿರವೂ ಮರಳಿ ಬರಬೇಕು. ಬಂದರೆ ಅದು ಯಾರಿಗೆ ಸೇರಬೇಕು? ಕಾನೂನಿನ ಪ್ರಕಾರ ಪ್ಯಾನ್ ಇದ್ದವನಿಗೆ. ಕುಡುಗೋಲು ಹಿಡಿದ ಇಪ್ಪತ್ತು ಜನರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಆ ಮಾತನ್ನು ಮುಕಾದಮನಿಗೆ ಹೇಳಿದಾಗ ಅವನು, "ಅದನ್ನ ಮುಂದಿನ ವರ್ಷದ ಮುಂಗಡಕ್ಕ ಹಿಡಿತೀನ್ರಿ ಸರ" ಎಂದ. ಹಿಡಿದನೋ ಬಿಟ್ಟನೋ, ಆ ಮುಂದಿನ ಪುಟವನ್ನು ನನಗೆ ತೋರಿಸಲಿಲ್ಲ.

ಈಗ ಹುಡುಗಿಯ ಮನೆಗೆ ಮರಳುತ್ತೇನೆ. ರಿಟರ್ನ್ ಹಾಕೋಣ, ಹಣ ಬರುತ್ತದೆ ಎಂದು ಹೇಳಿ ಕಳಿಸಿದ್ದೆ. ಮರುದಿನ ಆಕೆಯ ತಾಯಿ ತಾವೇ ಬಂದರು. "ಅಣ್ಣಾರ, ಬ್ಯಾಡ್ರಿ. ಐಟಿ ತುಂಬಿದ್ರ ಕಾರ್ಡ್ ಹೋಗತೈತಂತ. ಹದಿನಾರ ಸಾವಿರಕ್ಕ ಆಸೆ ಮಾಡಿ ತಿಂಗಳಾ ಬರೂ ಎರಡ ಸಾವಿರ ಕಳಕೊಳ್ಳೂಣೇನ್ರಿ?" ಇದನ್ನು ಅಜ್ಞಾನವೆಂದು ಯಾರಾದರೂ ಅಂದರೆ ಅವರಿಗೆ ಕೂಡಿಸುವ ಲೆಕ್ಕ ಬರುವುದಿಲ್ಲ. ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕೆ 24,000. ಅದರ ಜೊತೆಗೆ ಅನ್ನಭಾಗ್ಯದ ಅಕ್ಕಿ. ಒಮ್ಮೆ ಬರುವ 16,800ಕ್ಕಾಗಿ ಪ್ರತಿ ವರ್ಷ ಬರುವುದನ್ನು ಒತ್ತೆಯಿಡಲು ಅವರು ಸಿದ್ಧರಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ಗದ್ದಲವೆದ್ದು, ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡು ಉಳಿಯುತ್ತದೆಂದು ಸರ್ಕಾರ ಹೇಳಿದ್ದು ಅವರಿಗೆ ನೆನಪಿತ್ತು. ಆ ವಾಕ್ಯದಲ್ಲಿ "ಆದಾಯ ತೆರಿಗೆ" ಎಂಬ ಎರಡು ಪದಗಳಷ್ಟೇ ಓಣಿಯವರೆಗೆ ಬಂದಿದ್ದವು.

ನಾನು ಷರತ್ತುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಗೃಹಲಕ್ಷ್ಮಿಯಲ್ಲಿ ನೋಡುವುದು ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರೇ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೇ ಎಂಬುದನ್ನು. ಗಮನವಿಟ್ಟು ಓದಿದರೆ ಜಿಎಸ್‌ಟಿಯ ವಿಷಯದಲ್ಲಿ "ರಿಟರ್ನ್ ಸಲ್ಲಿಸುವವರು" ಎಂದಿದೆ, ಆದಾಯ ತೆರಿಗೆಯ ವಿಷಯದಲ್ಲಿ "ಪಾವತಿದಾರರು" ಎಂದಿದೆ. ಅಟಲ್ ಪಿಂಚಣಿಯಲ್ಲಿ 2022ರ ಅಕ್ಟೋಬರ್‌ನಿಂದ ಹೊರಗಿಟ್ಟದ್ದೂ ತೆರಿಗೆ ಪಾವತಿದಾರರನ್ನೇ. ಪಿಎಂ-ಕಿಸಾನ್‌ನಲ್ಲಿಯೂ ಹಿಂದಿನ ವರ್ಷ ತೆರಿಗೆ ಕಟ್ಟಿದವರಿಗೆ ಇಲ್ಲ ಎಂಬುದೇ ಮಾತು. ಸೊನ್ನೆ ತೆರಿಗೆಯ ರಿಟರ್ನ್ ಹಾಕಿ ಕಡಿತದ ಹಣವನ್ನು ಪೂರ್ತಿ ಮರಳಿ ಪಡೆದವರು ಪಾವತಿದಾರರಲ್ಲ. ಕಟ್ಟಿದ್ದು ಉಳಿದಿದ್ದರೆ ತಾನೇ ಪಾವತಿ? ನಿಜ ಹೇಳಬೇಕೆಂದರೆ, ಟಿಡಿಎಸ್ ಕಡಿಸಿಕೊಂಡು ಸುಮ್ಮನಿರುವವರದೇ ಹಣ ಸರ್ಕಾರದಲ್ಲಿ ಉಳಿಯುವುದು. ಇಷ್ಟೆಲ್ಲ ಹೇಳಿದ ಮೇಲೂ, ಕಚೇರಿಯ ಕಂಪ್ಯೂಟರ್ ಪ್ಯಾನ್ ಪಟ್ಟಿ ಹೋಲಿಸುವಾಗ ಪಾವತಿದಾರರನ್ನೂ ಸಲ್ಲಿಸಿದವರನ್ನೂ ಬೇರೆ ಮಾಡಿಯೇ ತೀರುತ್ತದೆಂದು ನಾನು ಎದೆ ತಟ್ಟಿ ಹೇಳಲಾರೆ. ಅದಕ್ಕೇ ರಿಟರ್ನ್ ಪರಿಶೀಲನೆಯಾದ ಮೇಲೆ ಇಲಾಖೆ ಕಳಿಸುವ 143(1)ರ ಸೂಚನೆಯನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಅದರಲ್ಲಿ ತೆರಿಗೆಯ ಸಾಲಿನ ಎದುರು ಸೊನ್ನೆ ಇರುತ್ತದೆ. ವಾದ ಬಂದರೆ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ.

ಆದರೆ ನಿಜವಾದ ಇಕ್ಕಟ್ಟು ಪಾವತಿದಾರರೆಂಬ ಪದದಲ್ಲಿರಲಿಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ಒಬ್ಬರೇ ದಿನಕ್ಕೆ 400 ರೂಪಾಯಿಯಂತೆ ಮುನ್ನೂರು ದಿನ ದುಡಿದರೆ ಆ ಮಿತಿ ತುಂಬುತ್ತದೆ. ಬಾಗಲಕೋಟೆಯಲ್ಲಿ 400 ರೂಪಾಯಿಗೆ ಗೌಂಡಿ ಸಿಗುವುದಿರಲಿ, ಗೌಂಡಿಯ ಕೈಕೆಳಗಿನ ಆಳೂ ಸಿಗುವುದಿಲ್ಲ. ದೆಹಲಿಯ ಕಾನೂನು ಹನ್ನೆರಡು ಲಕ್ಷ ಗಳಿಸುವವರನ್ನು ತೆರಿಗೆ ಕೊಡಲಾರದವರೆಂದು ಬಿಡುತ್ತದೆ. ಅದರ ಹತ್ತರಲ್ಲಿ ಒಂದು ಪಾಲು ದಾಟಿದವರನ್ನು ಇಲ್ಲಿಯ ನಿಯಮ ಬಡವರಲ್ಲವೆನ್ನುತ್ತದೆ. ಈ ಎರಡು ಸಂಖ್ಯೆಗಳ ನಡುವೆಯೇ ನಮ್ಮ ಓಣಿಯ ಬಹುಪಾಲು ಮನೆಗಳಿವೆ. ಹುಡುಗಿಯ 1,68,000 ಒಂದೇ ಸಾಕು, ಮಿತಿ ದಾಟಲು.

ಇದನ್ನು ಮುಚ್ಚಿಟ್ಟು ರಿಟರ್ನ್ ಹಾಕಿಸುವುದು ನನಗೆ ಸರಿ ಕಾಣಲಿಲ್ಲ. ತಾಯಿಗೆ ಹೇಳಿದೆ: ರಿಟರ್ನ್ ಹಾಕಿದ್ದರಿಂದ ಆದಾಯ ಹುಟ್ಟುವುದಿಲ್ಲ, ಲ್ಯಾಬಿನವರು ಕಟ್ಟಿದ ಟಿಡಿಎಸ್ ಮೂಲಕ ಆ ಮೊತ್ತ ಈಗಾಗಲೇ ಪ್ಯಾನಿನಲ್ಲಿದೆ, ಪ್ಯಾನು ಆಧಾರಿಗೆ ಜೋಡಣೆಯಾಗಿದೆ, ನೋಡಬೇಕೆಂದವರು ಇವತ್ತೂ ನೋಡಬಹುದು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಗೊತ್ತಿರೂದು ಬ್ಯಾರೆ ಅಣ್ಣಾರ, ನಾವಾಗಿ ಬರದು ಕೊಡೂದು ಬ್ಯಾರೆ" ಎಂದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹತ್ತು ದಿನ ಆ ಮನೆಯಲ್ಲಿ ಏನು ಮಾತಾಯಿತೋ, ನವೆಂಬರ್ ಮಧ್ಯದಲ್ಲಿ ಹುಡುಗಿ ಮತ್ತೆ ಬಂದು "ಹಾಕ್ರಿ ಕಾಕಾ" ಎಂದಳು. ಆ ವರ್ಷದ ಗಡುವನ್ನು ಸೆಪ್ಟೆಂಬರ್ 16ರವರೆಗೆ ವಿಸ್ತರಿಸಿದ್ದರೂ ಅದು ದಾಟಿತ್ತು. ತಡವಾದ ರಿಟರ್ನ್‌ಗೆ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ಆಕೆಯ ಆದಾಯ ವಿನಾಯಿತಿಯ ಮಿತಿಯೊಳಗೇ ಇದ್ದುದರಿಂದ ತಡದ ಶುಲ್ಕ ಬೀಳಲಿಲ್ಲ. ಡಿಸೆಂಬರ್ ಕಳೆದಿದ್ದರೆ ಕೆಲಸ ಕೆಡುತ್ತಿತ್ತು, ಏಕೆಂದರೆ ಅನಂತರ ಸಲ್ಲಿಸಬಹುದಾದ ನವೀಕೃತ (ಅಪ್‌ಡೇಟೆಡ್) ರಿಟರ್ನ್‌ನಲ್ಲಿ ಹಣ ಮರಳಿ ಕೇಳಲು ಬರುವುದಿಲ್ಲ. ವಿಳಂಬವನ್ನು ಮನ್ನಿಸಬೇಕೆಂದು ಅಧಿಕಾರಿಗೆ ಅರ್ಜಿ ಹಾಕುವ ದಾರಿಯೊಂದಿದೆ, ಅದು ಐದು ವರ್ಷದೊಳಗೆ ಮಾಡಬೇಕಾದ ಉದ್ದದ ದಾರಿ. ಸಂಬಳದವರ ಐಟಿಆರ್-1 ಇಲ್ಲಿ ಹೊಂದುವುದಿಲ್ಲ. 26ಎಎಸ್‌ನಲ್ಲಿ ವೃತ್ತಿ ಶುಲ್ಕವೆಂದಿರುವಾಗ ವೃತ್ತಿಯ ಆದಾಯ ತೋರಿಸುವ ನಮೂನೆಯೇ ಬೇಕು. ಹೊಂದದ ನಮೂನೆ ಹಾಕಿದರೆ ಹಣ ಅಲ್ಲಿಯೇ ನಿಲ್ಲುತ್ತದೆ. ಸಲ್ಲಿಸಿದ ಮೇಲೆ ಮೂವತ್ತು ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಬೇಕು. ನನ್ನ ತಮ್ಮನದನ್ನು ಒಮ್ಮೆ ಸಲ್ಲಿಸಿ, ದೃಢೀಕರಿಸುವುದನ್ನು ಮರೆತು, ಇನ್ನೂ ಏಕೆ ಬರಲಿಲ್ಲವೆಂದು ನಾಲ್ಕು ತಿಂಗಳು ಇಲಾಖೆಯನ್ನು ಬೈದುಕೊಂಡವನು ನಾನೇ.

ಆಕೆಯದರಲ್ಲಿ ಬೇರೆ ಅಡ್ಡಿ ಬಂತು. ಪ್ಯಾನಿನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಪೂರ್ತಿ ಇದ್ದವು, ಬ್ಯಾಂಕಿನಲ್ಲಿ ಒಂದಕ್ಷರ ಮಾತ್ರ ಇತ್ತು. ಹೆಸರು ತಾಳೆಯಾಗದೆ ಖಾತೆಯ ಪೂರ್ವಪರಿಶೀಲನೆ ಎರಡು ಸಲ ತಿರಸ್ಕೃತವಾಯಿತು. ಬ್ಯಾಂಕಿಗೆ ಎರಡು ಸಲ ಹೋಗಿಬರಲು ಆಕೆ ಎರಡು ಅರ್ಧ ದಿನದ ಪಗಾರ ಬಿಟ್ಟಳು. ಜನವರಿಯಲ್ಲಿ, ಸಂಕ್ರಾಂತಿಯ ಮುಂದಿನ ವಾರ, 16,800 ಜಮಾ ಆಯಿತು. ತಾಯಿ ಎಳ್ಳುಬೆಲ್ಲದ ಜೊತೆ ನಾಲ್ಕು ಮಾದಲಿ ಡಬ್ಬಿ ಕಳಿಸಿದ್ದರು. ಕಾರ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹಣ ಬಂದ ಧೈರ್ಯದಲ್ಲಿ ಹುಡುಗಿ ಲ್ಯಾಬಿನ ಮಾಲೀಕರ ಹತ್ತಿರ ಹೋಗಿ, ಇನ್ನು ಮೇಲೆ ತನ್ನನ್ನು ಸಂಬಳದ ಪಟ್ಟಿಗೆ ಸೇರಿಸಬೇಕೆಂದೂ ಟಿಡಿಎಸ್ ಕಡಿಯಬಾರದೆಂದೂ ಕೇಳಿದಳಂತೆ. ಅವರು ಲೆಕ್ಕದವರನ್ನು ಕರೆದು ಕೇಳಿ, ನಗುತ್ತಲೇ ಹೇಳಿದರಂತೆ: "ಹೆಂಗೂ ರಿಟರ್ನ್ ಹಾಕಿದ್ರ ವಾಪಸ್ ಬರತೈತಲ್ಲವಾ. ಮತ್ಯಾಕ ತಲಿ ಕೆಡಿಸ್ಕೋತಿ?" ಫೆಬ್ರವರಿಯಲ್ಲಿಯೂ ಆಕೆಯ ಖಾತೆಗೆ ಬಿದ್ದದ್ದು 12,600.